ಫೈಲಿಗೆ ಇಳಿಯದ ನಾನು

ನಾನು ಒಂದು ಕ್ಲೋಷರ್. ಕಂಪ್ಯೂಟರ್ ಪ್ರೋಗ್ರಾಂ ಓಡುತ್ತಿರುವಾಗ ಅದರೊಳಗೆ ಹುಟ್ಟುವ ಪುಟ್ಟ ತುಣುಕು. ಮಾಡಬೇಕಾದ ಕೆಲಸದ ಜೊತೆಗೆ, ಹುಟ್ಟಿದಲ್ಲಿ ಸುತ್ತ ಇದ್ದುದನ್ನೂ ಮಡಿಲಲ್ಲಿ ಕಟ್ಟಿಕೊಳ್ಳುವುದು ನಮ್ಮ ಹುಟ್ಟುಗುಣ.

ಸವಣೂರಿನ ಆಸ್ಪತ್ರೆಯಲ್ಲಿ ನಡೆದ ಶ್ರವಣ ಶಿಬಿರವೊಂದರಲ್ಲಿ, ಎರವಲು ತಂದ ಲ್ಯಾಪ್‌ಟಾಪಿನಲ್ಲಿ, ಕಿವಿ ಪರೀಕ್ಷಿಸುವ ಚಂಪಾವತಿ ಮೇಡಂ ಬರೆದ ಪ್ರೋಗ್ರಾಂ ನನ್ನನ್ನು ಹೆತ್ತಿತು. ಎದುರಿಗೆ ನಿಂಬವ್ವ ಕೂತಿದ್ದರು. ಎಂಟು ವರ್ಷದಿಂದ ಮಗಳು ಕಸ್ತೂರಿಯ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದವರು.

"ಹಿಂದಿನಿಂದ ಕರದ್ರ ಗೊತ್ತಾಗಬೇಕ್ರಿ. ಅಷ್ಟ ಸಾಕು."

ಮೈಕಿಗೆ ಬಿದ್ದ ದನಿಯನ್ನು ತಿದ್ದಿ ಅವರ ಇಯರ್‌ಫೋನಿಗೆ ಮುಟ್ಟಿಸುವುದು ನನ್ನ ಕೆಲಸ. "ಇದು ಚುಚ್ತದ", "ಇದು ಕೊಡದ ಒಳಗ ಮಾತಾಡಿದಂಗ" ಎಂದು ಅವರು ಹೇಳುತ್ತ ಹೋದಂತೆ, ಮೂರು ತಾಸಿನಲ್ಲಿ ಏಳು ಅಳತೆಗಳು ನನ್ನ ಮಡಿಲು ಸೇರಿದವು. ಅವರ ಶ್ರವಣಯಂತ್ರ ತಯಾರಾಗಬೇಕಾದದ್ದು ಆ ಅಳತೆಗಳಿಂದಲೇ.

ಲ್ಯಾಪ್‌ಟಾಪನ್ನು ಸಂಜೆ ಹಿಂತಿರುಗಿಸಬೇಕು; ಅದನ್ನು ಆರಿಸಿದರೆ ಮಡಿಲ ಸಮೇತ ನಾನೂ ಆರಿಹೋಗುತ್ತೇನೆ. ನಿಂಬವ್ವನ ಬಸ್ಸು ನಾಲ್ಕಕ್ಕೆ. ಮೇಡಂ ನನ್ನನ್ನು ಫೈಲಿಗೆ ಉಳಿಸಿದರು. 'ಉಳಿಸಲಾಗಿದೆ' ಎಂದು ಪರದೆಯ ಮೇಲೆ ಬಂತು. ನೋಡದೆ ನಂಬುವ ಸ್ವಭಾವ ಅವರದಲ್ಲ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಆ ಫೈಲು ತೆರೆದರು. ಅಲ್ಲಿದ್ದುದು ನನ್ನ ಹೆಸರೊಂದೇ. ನಮ್ಮಂಥವರನ್ನು ಹೆಸರಿನಿಂದಷ್ಟೇ ಬರೆದಿಡುವುದು ನಾನು ಹುಟ್ಟಿದ ಪ್ರೋಗ್ರಾಂ ಭಾಷೆಯ ಪದ್ಧತಿ. ಮಡಿಲು ಇಲ್ಲೇ, ಲ್ಯಾಪ್‌ಟಾಪಿನಲ್ಲೇ ಉಳಿದಿತ್ತು.

ಮೇಡಂ ಮುಖ ಕಪ್ಪಿಟ್ಟಿತು. ನಿಂಬವ್ವ ಅದನ್ನೂ ಓದಿದರು.

"ಯಾಕವ್ವ, ನಿನ್ನ ಪೆಟ್ಟಿಗೀಗೂ ಕಿವುಡು ಬಂತೇನ?"

ಕಸ್ತೂರಿ ನಕ್ಕಳು. ಮೇಡಂ ನಗಲಿಲ್ಲ. ನನ್ನನ್ನು ಬಿಚ್ಚಿದರು. ಏಳು ಅಳತೆಗಳನ್ನು ಒಂದೊಂದಾಗಿ ಹೊರತೆಗೆದು, ಎರಡೆರಡು ಸಲ ತಾಳೆ ನೋಡಿ, ಬರಿಯ ಅಂಕಿಗಳಾಗಿ ಬರೆದುಕೊಂಡರು. ಮೈಕಿನಿಂದ ಹರಿದುಬರುತ್ತಿದ್ದ ದನಿಯ ಎಳೆಯನ್ನು ಮಾತ್ರ ಬರೆಯಲಾಗಲಿಲ್ಲ; ಜೀವವಿರುವುದನ್ನು ಬರೆದಿಡುವುದು ಹೇಗೆ? ಆಸ್ಪತ್ರೆಯ ಕಂಪ್ಯೂಟರಿಗೆ ಬೇರೆ ಮೈಕು ಚುಚ್ಚಿ, ಆ ಅಂಕಿಗಳನ್ನು ಕೊಟ್ಟು, ಅಲ್ಲಿ ಹೊಸ ಕ್ಲೋಷರೊಂದನ್ನು ಹುಟ್ಟಿಸಿದರು. ಇಯರ್‌ಫೋನ್ ಅತ್ತ ಹೋಯಿತು.

ನನ್ನ ಮೈಕು ಇನ್ನೂ ತೆರೆದೇ ಇತ್ತು.

ಕಸ್ತೂರಿ ತಾಯಿಯ ಬೆನ್ನ ಹಿಂದೆ ಹೋಗಿ ನಿಂತಳು. "ಅವ್ವಾ, ಚಾ ಕುಡಿತೀ?"

ಎಂದಿನಂತೆ ದನಿಯನ್ನು ತಿದ್ದಿ ಕಳುಹಿಸಿದೆ. ಆಚೆ ತುದಿಯಲ್ಲಿ ಕಿವಿ ಇರಲಿಲ್ಲ.

"ಸಕ್ರಿ ಜಾಸ್ತಿ ಹಾಕಸು" ಎಂದರು ನಿಂಬವ್ವ. ಆಮೇಲೆ ತಟ್ಟನೆ ತಿರುಗಿದರು.

ಈಗ ಸಂಜೆ. ಒಂದು ದಿನದ ಆಯುಷ್ಯದವರಿಗೆ ಇದೇ ಮುಪ್ಪು. ಬಸ್ಸು ಹೋಗಿಯಾಯಿತು. ಅಂಕಿಗಳು ಉಳಿದವು, ಅವರಿಗೆ ಕೇಳಿಸಿತು; ಅಷ್ಟು ಸಾಲದೇ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಮೇಡಂ ಲ್ಯಾಪ್‌ಟಾಪ್ ಆರಿಸಲು ಬರುವವರೆಗೂ, ಫ್ಯಾನಿನ ಸದ್ದನ್ನು, ಕುರ್ಚಿ ಎಳೆದ ಸದ್ದನ್ನು, ನಿಂಬವ್ವನಿಗೆ ಚುಚ್ಚದಂತೆ ತಿದ್ದುತ್ತಲೇ ಇರುತ್ತೇನೆ.