ಮಗ್ಗದ ಕೋಣೆಯ ಎರಡು ಕಿಟಕಿ

ಏಳನೆಯ ತರಗತಿಗೆ ಶಾಲೆ ಬಿಟ್ಟು, ನಾಲ್ಕು ವರ್ಷ ಮಗ್ಗದ ಮನೆಗಳಲ್ಲಿ ಕಂಡಿಕೆಗೆ ನೂಲು ಸುತ್ತಿದ್ದೆ. ಭೀಮಶಿ ಕಾಕಾ ಜಮಖಂಡಿಯಲ್ಲಿ ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿ ಕೂರಿಸುವವನು. "ಒಂದ ಕೆಲಸಕ್ಕ ಬಂದು ನೋಡು. ಕೈ ಹತ್ತಿದ್ರ ಇಟ್ಕೋತೇನಿ. ಇಲ್ಲಂದ್ರ ಮತ್ತ ಕಂಡಕಿ ಸುತ್ತಾಕ ಹೋಗು," ಎಂದಿದ್ದ. ನನಗೆ ಹಿಂದಿರುಗುವ ಮನಸ್ಸಿರಲಿಲ್ಲ.

ಕೆಲಸ ಬನಹಟ್ಟಿಯಲ್ಲಿ, ಕೆಂಪವ್ವನ ಮನೆಯಲ್ಲಿ. ಅಂದು ಅಮಾವಾಸ್ಯೆ, ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ನಾಲ್ಕು ವಿದ್ಯುತ್ ಮಗ್ಗಗಳಿದ್ದ ಕೋಣೆಗೆ ಎರಡು ಕಿಟಕಿ. ಮೊದಲನೆಯದಕ್ಕೆ ಕಾಕಾ ಗೋಡೆಯ ಅಂಚಿನಲ್ಲಿ ಪ್ಲಾಸ್ಟಿಕ್ ಪ್ಲಗ್ ಹೊಡೆದು, ಗಿಡ್ಡ ಸ್ಕ್ರೂಗಳಿಂದ ಚೌಕಟ್ಟು ಬಿಗಿದು, ಎರಡೂ ಕೈಯಿಂದ ಜಗ್ಗಿದ.

"ನೋಡ್ರಿ ಕೆಂಪಕ್ಕಾರ, ಆನಿ ಬಂದ್ರೂ ಅಲುಗಾಡೂದಿಲ್ಲ."

"ಆನಿ ಎಲ್ಲಿಂದ ಬರತೈತೋ ತಮ್ಮಾ? ಧೂಳಿ ಬರದಂಗ ಮಾಡು, ಸಾಕು."

ನಾನು ಗೋಡೆ ನೋಡುತ್ತಿದ್ದೆ. ಮಣ್ಣಿನಲ್ಲಿ ಕಟ್ಟಿದ ಇಟ್ಟಿಗೆ. ಅದರಲ್ಲಿ ಒಂದು ಮೊಳೆಯೂ ಇರಲಿಲ್ಲ. ಕ್ಯಾಲೆಂಡರ್, ಬೀರೇಶ್ವರನ ಫೋಟೊ, ಕೈಚೀಲ ಎಲ್ಲವೂ ತೊಲೆಯಿಂದ ಹಗ್ಗದಲ್ಲಿ ಜೋತುಬಿದ್ದಿದ್ದವು.

"ಕಾಕಾ, ಈ ಸ್ಕ್ರೂ ನಿಲ್ಲೂದಿಲ್ಲ."

"ಅಬಾಬಾ, ಮೂಕಿ ಮಾತಾಡಿದ್ಳು! ಯಾಕ ಬೇ?"

"ಮಗ್ಗ ಚಾಲೂ ಆದ್ರ ಗ್ವಾಡಿ ನಡಗತೈತಿ, ಅಂಚಿನ ಮಣ್ಣು ಉದರತೈತಿ. ನಿನ್ನ ಚೀಲದಾಗಿನ ಕಬ್ಬಣದ ಪಟ್ಟಿ ಹಾಕೂಣು. ಒಂದ ತುದಿ ಚೌಕಟ್ಟಿಗೆ, ಇನ್ನೊಂದು ಗ್ವಾಡಿ ಒಳಮೈಗೆ. ಇಟ್ಟಂಗಿ ನಟ್ಟನಡುವ ಉದ್ದನ ಸ್ಕ್ರೂ."

"ಖರೆ ಐತೋ ಭೀಮಶಿ," ಎಂದಳು ಕೆಂಪವ್ವ. "ಈ ಗ್ವಾಡ್ಯಾಗ ಮೊಳಿ ಎಂಟ ದಿನ ನಿಂತಿಲ್ಲ."

ಮಗ್ಗ ಓಡಿಸಿ ತೋರಿಸುವಂತಿರಲಿಲ್ಲ. ಅಮಾವಾಸ್ಯೆಯ ದಿನ ಅವಳು ಮಗ್ಗ ಮುಟ್ಟುವವಳಲ್ಲ.

ಕಾಕಾ ನಕ್ಕ. "ಎರಡನೇದು ನಿನ್ನ ಪಟ್ಟಿಲೆ ಕೂಡಸು. ನಾಳೆ ನೋಡೂಣು ಯಾರು ಶಾಣ್ಯಾ ಅಂತ."

ಚೌಕಟ್ಟಿನ ಮೂಲೆಗಳಿಂದ ಗೇಣು ಬಿಟ್ಟು ಪಟ್ಟಿ ಹಾಕಿದೆ. ಬಿಗಿಯುವಾಗ ಚೌಕಟ್ಟು ಬಾಗುವ ಮೊದಲೇ ಕೈ ತಡೆದೆ. ಬಾಗಿದರೆ ಗಾಜಿನ ಕದ ಸರಾಗವಾಗಿ ಸರಿಯುವುದಿಲ್ಲ.

ಮರುದಿನ ಮುಂಜಾನೆ ನಾಲ್ಕೂ ಮಗ್ಗ ಒಟ್ಟಿಗೇ ಶುರುವಾದವು. ಮಧ್ಯಾಹ್ನಕ್ಕೆ ಕಾಕಾನ ಕಿಟಕಿಯ ಕೆಳಗೆ ಕೆಂಪು ಪುಡಿ ಬಿದ್ದಿತ್ತು, ಚೌಕಟ್ಟು ಕಟಕಟ ಎನ್ನುತ್ತಿತ್ತು. ಅವನು ನನ್ನ ಕಿಟಕಿಯ ಮೇಲೆ ಅಂಗೈ ಇಟ್ಟ. ಅದೂ ಗೋಡೆಯ ಜೊತೆ ನಡುಗುತ್ತಿತ್ತು, ಆದರೆ ಎಲ್ಲೂ ಸಡಿಲಾಗಿರಲಿಲ್ಲ.

ತನ್ನ ಸ್ಕ್ರೂಗಳನ್ನು ತಾನೇ ಬಿಚ್ಚತೊಡಗಿದ.

"ಪಟ್ಟಿ ಕೊಡು," ಎಂದ. "ನಾಳೆ ಬೀಳಗ್ಯಾಗ ಕೆಲಸ ಐತಿ. ಎಂಟಕ್ಕ ಬಸ್‌ಸ್ಟ್ಯಾಂಡಿಗೆ ಬಾ."

"ಅಲ್ಲಿ ಗ್ವಾಡಿ ಎದರದು?"

ಕಾಕಾನ ಕೈ ನಿಂತಿತು. "ಕೇಳಿಲ್ಲ ಬೇ."

"ಹಂಗಾದ್ರ ಮೊದಲ ಫೋನ್ ಹಚ್ಚು," ಎಂದೆ.