ಎಂಟನೇ ಸಾಲಿನ ಹುಲ್ಲು

ಸೋಲಾರ್ ಫಲಕಗಳ ಆ ಬಯಲಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದವಳನ್ನು ಎಲ್ಲರೂ ‘ಗರಗಸ’ ಎಂದೇ ಕರೆಯುತ್ತಿದ್ದರು. ಯಂತ್ರಕ್ಕಿಂತ ಅವಳ ಬಾಯಿ ಹರಿತ ಎಂಬುದು ಜೊತೆಗಾರರ ತಮಾಷೆ. ಅಲ್ಲಿನ ಮೇಲ್ವಿಚಾರಕ ಅವಳ ಸ್ವಂತ ಅಳಿಯ. ಮನೆಯಲ್ಲಿ ಅತ್ತೆಯ ಎದುರು ಕಾಲು ಚಾಚಿ ಕೂರದವನು, ಕೆಲಸದ ಜಾಗದಲ್ಲಿ ಮಾತ್ರ ದನಿ ಏರಿಸುತ್ತಿದ್ದ.

ತಪಾಸಣೆಯ ಅಧಿಕಾರಿ ಬರುವ ದಿನ ಬೆಳಿಗ್ಗೆಯೇ ಹೇಳಿದ: "ಅತ್ತೆ, ಇವತ್ತು ಒಂದು ಕಡ್ಡಿ ಹುಲ್ಲೂ ಉಳೀಬಾರ್ದು. ನೆಲ ಬೋಳಾಗ್ಬೇಕು."

ಏಳು ಸಾಲು ಮುಗಿಸಿ ಎಂಟನೆಯದಕ್ಕೆ ತಿರುಗುವಾಗ ಟಿಟ್ಟಿಭ ಹಕ್ಕಿಯೊಂದು ಯಂತ್ರದ ಮುಂದೆಯೇ ಅರಚುತ್ತಾ, ರೆಕ್ಕೆ ಮುರಿದಂತೆ ಹೊರಳಾಡಿತು. ಅವಳು ಇಳಿದು ನೋಡಿದಳು. ಹುಲ್ಲಿನ ನಡುವೆ ನಾಲ್ಕು ಮೊಟ್ಟೆ. ಒಂದರಲ್ಲಿ ಆಗಲೇ ಕೂದಲೆಳೆಯಷ್ಟು ಬಿರುಕು. ಎಂಜಿನ್ ನಿಲ್ಲಿಸಿ ಕೀಲಿ ಕಿತ್ತುಕೊಂಡಳು.

ಅಳಿಯ ಓಡಿಬಂದ. "ಮೊಟ್ಟೆ ಎತ್ತಿ ಬೇಲಿ ಆಚೆ ಇಟ್ಬಿಡಿ, ಅತ್ತೆ."

"ಇಟ್ರೆ ಕಾವಿಗೆ ನೀವು ಕೂರ್ತೀರಾ?"

ಫಲಕ ಒರೆಸುತ್ತಿದ್ದವರು ಮುಸಿಮುಸಿ ನಕ್ಕರು. ಅವನ ಮುಖ ಕೆಂಪಾಯಿತು. "ಹುಲ್ಲಿನ ನೆರಳು ಬಿದ್ರೆ ಕರೆಂಟ್ ಕಮ್ಮಿಯಾಗುತ್ತೆ."

"ಹುಲ್ಲು ನನ್ನ ಮೊಣಕಾಲಿಗೆ, ಫಲಕ ನನ್ನ ಸೊಂಟಕ್ಕೆ. ನೆರಳೇನು ಹಾರಿ ಹೋಗಿ ಕೂರುತ್ತಾ?"

"ಬೇರೆಯವ್ರನ್ನ ಕರೆಸ್ತೀನಿ."

"ಕರೆಸಿ. ನನ್ನ ಮೇಲೆ ಹಾಯಿಸಿಕೊಂಡು ಹೋಗ್ಲಿ."

ಸಾಲಿಗೆ ಅಡ್ಡವಾಗಿ ಕೂತೇಬಿಟ್ಟಳು. ಮಗಳ ಸಂಸಾರಕ್ಕೆ ತಾನೇ ಹುಳಿ ಹಿಂಡುತ್ತಿದ್ದೇನೋ ಎಂಬ ಅಳುಕಿತ್ತು. ಆದರೂ ಏಳಲಿಲ್ಲ.

ಮಧ್ಯಾಹ್ನ ಅಧಿಕಾರಿ ಬಂದಾಗಲೂ ಅವಳು ಅಲ್ಲೇ ಇದ್ದಳು. "ಯಾರಿವರು?" ಎಂದು ಆತ ಅಳಿಯನನ್ನು ಕೇಳಿದ.

"ಯಂತ್ರ ಓಡಿಸೋಳು. ಇವ್ರ ಅತ್ತೆ. ಹಟ ಮಾತ್ರ ನಂದು, ಇವ್ರದ್ದೇನೂ ತಪ್ಪಿಲ್ಲ" ಎಂದಳು.

ಅಧಿಕಾರಿ ಮೊಟ್ಟೆಗಳತ್ತ ಬಗ್ಗಿಯೂ ನೋಡದೆ ಏನೋ ಬರೆದುಕೊಂಡು ಹೊರಟ.

ಮೂರನೆಯ ದಿನ ಕಚೇರಿಯಿಂದ ಕಾಗದ ಬಂತು: ಕ್ಷಮೆ ಕೇಳಬೇಕು, ಇಲ್ಲವೇ ಯಂತ್ರ ಬಿಟ್ಟುಕೊಡಬೇಕು. ಅಷ್ಟರಲ್ಲಿ ಮರಿಗಳು ಮೊಟ್ಟೆಯೊಡೆದು, ತಾಯಿಯ ಹಿಂದೆ ಫಲಕಗಳ ನೆರಳಿಗೆ ಓಡಿದ್ದವು. ಅವಳು ಕಾಗದದ ಹಿಂಬದಿಯಲ್ಲೇ ಬರೆದಳು: ‘ನಾಲ್ಕೂ ಮರಿ ಆಗಿವೆ. ಕ್ಷಮೆ ಕೇಳುವುದಿಲ್ಲ.’

"ಒಂದು ಸಾಲಾದ್ರೂ ತೆಗೀರಿ, ಅತ್ತೆ" ಎಂದು ಅಳಿಯ ಗೋಗರೆದ.

"ಇರೋದೇ ಎರಡು. ಯಾವುದು ಸುಳ್ಳು, ಹೇಳಿ, ತೆಗೀತೀನಿ."

ಅವನು ಕಾಗದ ಮಡಚಿಕೊಂಡ.

ಅವಳನ್ನು ಫಲಕ ಒರೆಸುವ ಕೆಲಸಕ್ಕೆ ಹಾಕಿದರು. ಹೋದಳು. ಆದರೆ ದಿನವೂ ಒರೆಸುವ ಮುಂಚೆ ಸಾಲುಸಾಲಾಗಿ ನಡೆದು, ಗೂಡು ಕಂಡಲ್ಲೆಲ್ಲ ಕೆಂಪು ಬಟ್ಟೆ ಕಟ್ಟಿದ ಕೋಲು ನೆಟ್ಟಳು. ಕಚೇರಿಯವರು ಎರಡು ಸಲ ಕೀಳಿಸಿದರು. ಎರಡು ಸಲವೂ ಮತ್ತೆ ನೆಟ್ಟಳು. ಮೂರನೆಯ ಸಲದ ಹೊತ್ತಿಗೆ ಹೊಸ ಚಾಲಕ ತಾನಾಗಿಯೇ ಯಂತ್ರವನ್ನು ಕೋಲುಗಳ ಸುತ್ತ ಬಳಸಿ ಓಡಿಸತೊಡಗಿದ್ದ.

ಈಗ ಬಯಲಿನಲ್ಲಿ ಅಂಥ ಹನ್ನೊಂದು ಕೋಲುಗಳಿವೆ. ಎಲ್ಲವನ್ನೂ ಕಿತ್ತುಹಾಕಿಸಿ ಎಂದು ಮೇಲ್ವಿಚಾರಕನಿಗೆ ಮೊನ್ನೆ ಮತ್ತೊಂದು ಆದೇಶ ಬಂದಿದೆ. ಅಳಿಯ ಅದನ್ನು ಇನ್ನೂ ಯಾರಿಗೂ ಓದಿ ಹೇಳಿಲ್ಲ.