ಹತ್ತುವುದಕ್ಕೆಂದು ಮಾಡಿದ ಸ್ಟೂಲು

ನಾನು ಜಾಲಿಮರದ ಒಂದು ಸ್ಟೂಲು. ಹುಬ್ಬಳ್ಳಿಯ ಒಂದು ಓಣಿಯಲ್ಲಿ ಬಡಿಗ ಮೌನೇಶಪ್ಪ ನನ್ನ ಕಾಲುಗಳನ್ನು ಕೂಡಿಸುತ್ತಿದ್ದಾಗ, ಸೀರೆ ಅಂಗಡಿಯ ಮ್ಯಾನೇಜರ್ ಶ್ರೀಪಾದರಾಯರು ಪಕ್ಕದಲ್ಲೇ ನಿಂತು ಹೇಳಿದ್ದರು: "ಭಾಳ ನುಣುಪು ಮಾಡಬ್ಯಾಡ್ರಿ. ಇದು ಕೂಡ್ಲಿಕ್ಕಲ್ಲ, ಮ್ಯಾಲಿನ ಕಪಾಟಿಗೆ ಹತ್ಲಿಕ್ಕೆ."

ಹೀಗಾಗಿ ಮನುಷ್ಯರನ್ನು ನಾನು ಮೊದಲು ಅರಿತದ್ದು ಅಂಗಾಲುಗಳಿಂದ. ಅಂಗಡಿಯಲ್ಲಿ ಸೀರೆ ತೋರಿಸುವ ಇಬ್ಬರಲ್ಲಿ ಮೆಹರುನ್ನಿಸಾ ನನ್ನ ಮೇಲೆ ಜಿಗಿದು ಹತ್ತುತ್ತಿದ್ದಳು. ಕಲಾವತಿ ಒಂದೊಂದು ಪಾದವನ್ನೂ ಅನುಮತಿ ಕೇಳಿ ಇಡುವವಳಂತೆ ಇಡುತ್ತಿದ್ದಳು. ಬೆಳಗಿನ ಹೊತ್ತು ಅವಳ ಬೆರಳು ಮಡಚುತ್ತಿರಲಿಲ್ಲ; ಕಪಾಟಿನ ಅಂಚನ್ನು ಮಣಿಕಟ್ಟಿನಿಂದ ತಬ್ಬಿ ಹಿಡಿಯುತ್ತಿದ್ದಳು. ಕೀಲುಗಳಲ್ಲಿ ಉರಿಯೂತ, ಸಂಧಿವಾತ. ಅವಳಿಗಿನ್ನೂ ನಲವತ್ತಾಗಿರಲಿಲ್ಲ. ರೋಗದ ವಿಷಯ ಮೆಹರುಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ರೇಷ್ಮೆ ಕೌಂಟರಿನಲ್ಲಿ ಕಲಾವತಿಗೆ ಸಮಾನ ಯಾರೂ ಇರಲಿಲ್ಲ. ಸೆರಗನ್ನು ತನ್ನ ಹೆಗಲಿಗೇ ಹೊದ್ದು ಕನ್ನಡಿಯ ಕಡೆ ಅರ್ಧ ತಿರುಗಿದರೆ, ಕೊಳ್ಳಲು ಬಂದವರ ಮಾತು ನಿಲ್ಲುತ್ತಿತ್ತು. ಆದರೆ ತೋರಿಸಿದ್ದನ್ನೆಲ್ಲ ಮತ್ತೆ ಮಡಚಬೇಕು. ತೋರಿಸುವುದೂ ನಿಂತೇ, ಮಡಚುವುದೂ ನಿಂತೇ. "ಗಿರಾಕಿ ಮುಂದ ಕೂತರ ಅಂಗಡಿಗೆ ಜಡ್ಡು ಬಂದಂಗ ಕಾಣ್ತದ" ಎನ್ನುತ್ತಿದ್ದರು ರಾಯರು. ಜಡ್ಡು ಎಂಬ ಮಾತಿಗೆ ಕಲಾವತಿಯ ಹಿಮ್ಮಡಿ ನನ್ನ ಮೇಲೆ ಬಿಗಿಯುತ್ತಿತ್ತು.

ಮಧ್ಯಾಹ್ನ ಊಟದ ನಂತರ ಅವಳಿಗೆ ಸುಸ್ತು ಬರುತ್ತಿತ್ತು. ಅದು ನಿದ್ದೆಯಲ್ಲ, ಮೈಗಳ್ಳತನವೂ ಅಲ್ಲ. ಒಳಗಿನಿಂದ ಯಾರೋ ಒಂದೊಂದೇ ದೀಪ ಆರಿಸುತ್ತ ಬಂದ ಹಾಗೆ. ಆಗ ಅವಳು ನನ್ನನ್ನು ಹತ್ತಿ, ಏನೋ ಹುಡುಕುವವಳಂತೆ ಸೀರೆಗಳ ನಡುವೆ ಹಣೆಯೂರಿ ನಿಲ್ಲುತ್ತಿದ್ದಳು. ಕೂರುವಂತಿಲ್ಲದವಳು ವಿಶ್ರಾಂತಿಗಾಗಿ ಮೇಲೆ ಹತ್ತಬೇಕಿತ್ತು.

"ಇಳಿಯೇ ಕಲಾ, ಬಂದ ನಿಮ್ಮ ಮಾವ!" ಎಂದು ರಾಯರ ಬೂಟಿನ ಸದ್ದು ಕೇಳಿದಾಗ ಮೆಹರು ಕೆಳಗಿನಿಂದ ಪಿಸುಗುಡುತ್ತಿದ್ದಳು.

ಒಂದು ದಿನ ಇಳಿಯುವಷ್ಟರಲ್ಲಿ ಮೊಣಕಾಲು ಸೋತಿತು. ಸೀರೆಯ ರಾಶಿ ನೆಲಕ್ಕೆ ಬಿತ್ತು. ಅವಳು ಬೀಳಲಿಲ್ಲ, ಕಪಾಟಿಗೆ ಜೋತುಬಿದ್ದಳು.

"ಮ್ಯಾಲೆ ನಿದ್ದಿ ಮಾಡ್ತೀಯೇನು?" ಎಂದರು ರಾಯರು.

"ಸುಸ್ತಾಗೇತ್ರಿ."

"ಯಾರಿಗಿಲ್ಲ ಸುಸ್ತು? ಆಷಾಢ ಸೇಲ್ ಬಂತು. ಇನ್ನೊಮ್ಮೆ ಹಿಂಗಾದ್ರ ಮನ್ಯಾಗೇ ಇರು."

ಡಾಕ್ಟರು ಹೇಳಿದ್ದೇ ಬೇರೆ. ಮೈ ಪೂರ್ತಿ ಸೋತ ಮೇಲೆ ಕೂರುವುದಲ್ಲ, ಸೋಲುವುದಕ್ಕೆ ಮೊದಲೇ ಸ್ವಲ್ಪ ಕೂರಬೇಕು. ಮೆಹರು ಅದನ್ನೇ ನೆನಪಿಸಿ, "ಹೇಳಿಬಿಡು" ಎಂದಳು.

"ಹೇಳಿದ್ರ ನಾಳೆನೇ ಬ್ಯಾರೇದಾಕಿನ್ನ ತರ್ತಾರ."

ಸೇಲಿನ ಮೊದಲ ದಿನ. ಬಾಗಿಲಿನಿಂದ ಜನ ಒತ್ತಿಕೊಂಡೇ ಬರುತ್ತಿದ್ದರು. ಮದುವೆಗೆ ಸೀರೆ ಕೊಳ್ಳುವ ಒಂದು ಕುಟುಂಬದ ಮುಂದೆ ಕಲಾವತಿ ಸೀರೆಯ ಮೇಲೆ ಸೀರೆ ಹರವುತ್ತಲೇ ಇದ್ದಳು. ಅವಳ ಪಾದ ನನ್ನ ಪಕ್ಕದಲ್ಲೇ ನಡುಗುತ್ತಿತ್ತು. ಮೆಹರು ಕಣ್ಣಿನಿಂದಲೇ ಕಪಾಟು ತೋರಿಸಿದಳು: ಹತ್ತು, ಅಡಗು. ಕಲಾವತಿ ನನ್ನನ್ನು ನೋಡಿದಳು. ಆಮೇಲೆ ನನ್ನನ್ನು ಕೌಂಟರಿನ ನಡುವಿಗೆ, ಎಲ್ಲರ ಕಣ್ಣೆದುರಿಗೆ ಎಳೆದಳು. ನನ್ನ ಕಾಲು ನೆಲಕ್ಕೆ ಉಜ್ಜಿದ ಸದ್ದಿಗೆ ಸುತ್ತಲಿನವರು ತಿರುಗಿದರು.

ಅವಳು ಕೂತಳು.

ಸುತ್ತಲೂ ಸೀರೆ ಹರವುತ್ತಿದ್ದ ಕೈಗಳು ನಿಂತವು. ರಾಯರ ಬೂಟುಗಳು ಹತ್ತಿರ ಬಂದು ನಿಂತವು.

"ಏಳು."

"ಏಳಂಗಿಲ್ರಿ." ಅವಳು ಒಂದು ಸೀರೆಯನ್ನು ಮಡಿಲಿಗೆ ಎಳೆದುಕೊಂಡಳು. "ನನಗ ಸಂಧಿವಾತ ಐತ್ರಿ. ನಿಂತು ತೋರಸ್ತೀನಿ, ಕುಂತು ಮಡಚ್ತೀನಿ. ಎರಡೂ ನಿಂತ ಮಾಡು ಅಂದ್ರ ಸಂಜಿಗೆ ಎರಡೂ ಆಗಂಗಿಲ್ಲ. ಬ್ಯಾಡಂದ್ರ ಈಗ ಹೇಳ್ರಿ, ಹೋಗ್ತೀನಿ."

ರಾಯರು ಬಾಯಿ ತೆರೆದರು. ಅಷ್ಟರಲ್ಲಿ ಮದುಮಗಳ ಅಜ್ಜಿ, "ಆ ಕುಂಕುಮದ ಬಣ್ಣದ್ದು ಇನ್ನೊಮ್ಮೆ ತೋರಸವಾ. ಈಗಲ್ಲ, ದಣಿವಾರಿಸಿಕೊಂಡು. ನನಗೂ ಒಂದು ಸ್ಟೂಲ್ ಹಾಕಸ್ರೆಪಾ, ಅವಾಗಿಂದ ನಿಂದ್ರಸೀರಿ!" ಎಂದಳು. ಯಾರೋ ನಕ್ಕರು. ರಾಯರು ನಗಲಿಲ್ಲ. ಬೂಟುಗಳು ಸ್ವಲ್ಪ ಹೊತ್ತು ಅಲ್ಲೇ ಇದ್ದು ದೂರವಾದವು.

ಮರುದಿನ 'ಆಗಲಿ' ಎಂದು ಯಾರೂ ಹೇಳಲಿಲ್ಲ, 'ಬೇಡ' ಎಂದೂ ಹೇಳಲಿಲ್ಲ. ಕಲಾವತಿ ಬೆಳಗಿನ ಹೊತ್ತು ಬೆರಳುಗಳ ಬಿಗಿ ಸಡಿಲುವ ತನಕ ಕೂತು ನಿಧಾನಕ್ಕೆ ಮಡಚಿದಳು, ಬಿಸಿಲೇರಿದ ಮೇಲೆ ಎದ್ದು ತೋರಿಸಿದಳು, ಊಟವಾದ ಮೇಲೆ ಮತ್ತೆ ಕೂತಳು. ಆ ಮೌನದಲ್ಲೇ ವರ್ಷಗಳು ಕಳೆದವು.

ಈಗ ನನ್ನದೊಂದು ಕಾಲು ಸಡಿಲವಾಗಿದೆ. ಹತ್ತಲು ಅಲ್ಯೂಮಿನಿಯಮ್ ಏಣಿ ಬಂದಿದೆ. ನನ್ನನ್ನು ಕೌಂಟರಿನ ಮೂಲೆಗೆ, ಗೋಡೆಗೆ ಆನಿಸಿ ಇಟ್ಟಿದ್ದಾರೆ. ಕಲಾವತಿಯ ರೋಗ ಹೋಗಿಲ್ಲ. ಎಷ್ಟು ಹುಷಾರಾಗಿದ್ದರೂ ಕೆಲವು ದಿನ ಮೈ ಏಳುವುದೇ ಇಲ್ಲ. ಅಂಥ ದಿನ ಅವಳ ಭಾರವೆಲ್ಲ ನನ್ನ ಮೇಲೆ ಇಳಿಯುತ್ತದೆ. ಇದನ್ನು ಹೊರುವುದಕ್ಕೇ ಹುಟ್ಟಿದೆನೇನೋ ಅನಿಸುತ್ತದೆ. ಆಗ ಅವಳು ದನಿ ತಗ್ಗಿಸದೆ ಹೇಳುತ್ತಾಳೆ: "ಮೆಹರು, ಇವತ್ತ ನನ್ನ ಕೈಲಿ ಆಗಂಗಿಲ್ಲ. ಇವರಿಗೆ ನೀ ತೋರಸು."

ಮೆಹರು ಬಂದು ಸೀರೆ ಬಿಡಿಸುತ್ತಾಳೆ. ಗಿರಾಕಿಗಳು ಬಣ್ಣ ಕೇಳುತ್ತಾರೆ. 'ಆಗಂಗಿಲ್ಲ' ಎಂಬ ಮಾತಿಗೆ ಅಂಗಡಿಯಲ್ಲಿ ಈಗ ಯಾರ ಕೈಯೂ ನಿಲ್ಲುವುದಿಲ್ಲ.